ಸಟವಿಯ ಮುಂದೆ ಬೋರಲು ಬಿದ್ದ ಸಿರಿವಂತ ದೇಶಗಳು

ಕುಡಿದಳು! ನನ್ನ ಮೊಮ್ಮಗಳು ತಾಯಿಯ ಎದೆಗೆ ಬಾಯಿ ಹಚ್ಚಿ ಹಾಲು ಕುಡಿದಳು. ಹುಟ್ಟಿದ ಐದನೆಯ ದಿನ, ಬಬಲೇಶ್ವರದ ನಮ್ಮ ಮನೆಯಲ್ಲಿ. ಅಂದಿನ ಹಿಗ್ಗು ಈಗ ಬರೆಯುವಾಗಲೂ ಹಾಗೇ ಇದೆ.

ತಿಕೋಟಾಕ್ಕೆ ಕೊಟ್ಟ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿತು. ಎದೆ ಚೀಪುವ ಕಸುವಿಲ್ಲ. ಹಾಲು ಹಿಂಡಿ, ಅರಳೆಯ ಬತ್ತಿ ಅದ್ದಿ, ಹನಿಹನಿಯಾಗಿ ಬಾಯಿಗೆ ಬಿಡುತ್ತಿದ್ದೆ. ಉಳಿದೀತೋ ಇಲ್ಲವೋ ಎಂದು ಮನೆಯವರೆಲ್ಲ ಉಸಿರು ಹಿಡಿದಿದ್ದರು.

ನನ್ನ ತಮ್ಮನೊಬ್ಬನನ್ನು ಬಿಟ್ಟು. ಅವನು ವಿಜಾಪುರದಲ್ಲಿ ಇಂಗ್ಲಿಷ್ ಶಾಲೆಯ ಮಾಸ್ತರ. ಐದನೆಯ ದಿನ ಮುಂಜಾನೆ ಕೂಸು ನೋಡಲು ಬಂದವನು ಪಡಸಾಲೆಯಲ್ಲಿ ಹಾಳೆ ಹರವಿಕೊಂಡು ಕೂತ. ಪತ್ರಿಕೆಗಳಿಂದ ಎತ್ತಿ ಬರೆದ ಲೆಕ್ಕ: ಯಾವ ಸಿರಿವಂತ ದೇಶದಲ್ಲಿ ತಲೆಗೆ ಎಷ್ಟು ಹಾಲು, ಎಷ್ಟು ಡಾಕ್ಟರು, ಎಷ್ಟು ಕೂಸುಗಳು ಉಳಿಯುತ್ತವೆ.

"ಅಕ್ಕಾ, ಕೂಸು ಉಳಿಸೋದ್ರಾಗ ಇಂಗ್ಲೆಂಡ್ ಮುಂದೋ ಅಮೇರಿಕಾ ಮುಂದೋ, ಬಗಿಹರಿವಲ್ದು," ಎಂದ, ತನ್ನ ಮನೆಗೇ ಬೆಂಕಿ ಬಿದ್ದವನಂತೆ ಮುಖ ಮಾಡಿ.

"ನಮ್ಮ ಕೂಸು ಹಿಂದ ಬಿದ್ದೈತಿ, ಇತ್ತಾಗ ನೋಡೋ ಶಾಣ್ಯಾ. ಅಲ್ಲಲೇ, ಆ ಸಿರಿವಂತರು ಈಗ ಯುದ್ಧ ಹೂಡಿ ಒಬ್ಬರ ಮನಿ ಮ್ಯಾಲ ಒಬ್ಬರು ಬಾಂಬ್ ಒಗ್ಯಾಕತ್ತಾರಂತಲ್ಲ? ಅದರಾಗ ಸತ್ತ ಕೂಸು ನಿನ್ನ ಲೆಕ್ಕದಾಗ ಅದಾವೇನು?"

"ಅದು ಬ್ಯಾರೆ ಪಟ್ಟಿ, ಅಕ್ಕಾ."

ಸಾವಿಗೂ ಬೇರೆ ಬೇರೆ ಪಟ್ಟಿ! ನಾನು ಶಾಲೆಯಲ್ಲಿ ಕಲಿತದ್ದು ಕನ್ನಡ ಮೂರನೇ ಇಯತ್ತೆಯವರೆಗೆ. ಇಂಥ ದಡ್ಡತನ ಬರಬೇಕಾದರೆ ಇನ್ನೂ ಬಹಳ ಓದಬೇಕಿತ್ತು.

ಮಧ್ಯಾಹ್ನ ಬತ್ತಿ ಇಟ್ಟರೆ ಕೂಸು ಅದನ್ನು ಬಿಡಲೇ ಒಲ್ಲದು, ಎಳೆಯತೊಡಗಿತು. ಲಗುಬಗೆಯಿಂದ ಮಗಳ ಎದೆಗೆ ಹಚ್ಚಿದೆ. ಗುಟುಕು ಗುಟುಕೆಂದು ಸಪ್ಪಳ! ಅಳುತ್ತ ನಗುತ್ತ ಮನೆಯೆಲ್ಲ ಕೇಳುವಂತೆ ಕೂಗಿದೆ.

"ಎಷ್ಟು ಕುಡೀತು?" ತಮ್ಮ ಪಡಸಾಲೆಯಿಂದಲೇ ಕೇಳಿದ.

"ಹೊಟ್ಟಿ ತುಂಬ!"

ಆ ಸಂಜೆ ಸಟವಿಯ ಪೂಜೆ. ಐದನೆಯ ದಿನ ಆ ದೇವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಅವಳಿಗೆಂದು ಖಾಲಿ ಹಾಳೆ, ಲೇಖನಿ ಇಡುವುದು ನಮ್ಮ ಪದ್ಧತಿ. ಅಕ್ಷರ ಬಾರದ ನನ್ನ ಅತ್ತೆಯವರು ಪಡಸಾಲೆಯಲ್ಲಿ ಬೋರಲು ಬಿದ್ದಿದ್ದ ತಮ್ಮನ ಹಾಳೆಯನ್ನೇ ಖಾಲಿ ಎಂದು ತಂದು, ಅರಿಷಿಣ ಕುಂಕುಮ ಏರಿಸಿ ಇಟ್ಟುಬಿಟ್ಟಿದ್ದರು.

"ಅಯ್ಯಯ್ಯ, ಅಕ್ಕಾ, ನನ್ನ ಅಮೇರಿಕಾ!"

"ಮುಟ್ಟಬ್ಯಾಡ. ಈಗ ಅದು ದೇವಿ ಹಾಳಿ. ನಿನ್ನ ಸಿರಿವಂತರು ಕೆಳಗ ಬಿದ್ದಿರ್ಲಿ, ಮ್ಯಾಲಿನ ಮಗ್ಗಲ ನಮ್ಮ ಕೂಸಿಂದು."

ಅಳಿಯಂದಿರು ತಿಕೋಟಾದಿಂದ ಚಕ್ಕಡಿ ಹೂಡಿಕೊಂಡು ಬಂದರು. ಎಲ್ಲರೂ ಒಟ್ಟಿಗೆ ಕೂತು ಗೋಧಿ ರವೆಯ ಸಿಹಿ ಸಜ್ಜಕ, ತುಪ್ಪ ಉಂಡೆವು. ತಮ್ಮ ಸಿಟ್ಟಿನಲ್ಲೇ ಮತ್ತೆ ಮತ್ತೆ ನೀಡಿಸಿಕೊಂಡ. ಮಗಳು ಬಾಣಂತಿ ಕೋಣೆಯ ಬಾಗಿಲಲ್ಲಿ ಕೂತು ಒಂದೇ ಕೈಯಿಂದ ಉಂಡಳು. ಇನ್ನೊಂದು ತೋಳಿನಲ್ಲಿ ಕೂಸೂ ಉಣ್ಣುತ್ತಿತ್ತು.