ಪಾಕದ ಮೇಸ್ತ್ರಿ ಕ್ವಾಮಿನ
ಜಮೈಕಾದ ಆ ಕಬ್ಬಿನ ತೋಟದಲ್ಲಿ ನಾವೆಲ್ಲ ಒಬ್ಬನೇ ದೊರೆಯ ಗುಲಾಮರು. ಆದರೂ ಸಕ್ಕರೆ ಕುದಿಸುವ ಕ್ವಾಮಿನನನ್ನು ‘ಮೇಸ್ತ್ರಿ’ ಅನ್ನದೆ ಕರೆದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಕಬ್ಬು ಕಡಿಯುವವರು ಪಾಕದ ಮನೆಯ ಬಾಗಿಲಿಗೆ ಬಂದರೆ, “ಕೆಸರು ಕಾಲಿನವರೆಲ್ಲ ಅಲ್ಲೇ ನಿಲ್ರೋ, ನನ್ನ ಪಾಕಕ್ಕೆ ದೃಷ್ಟಿ ತಾಗುತ್ತೆ” ಅನ್ನುವನು. ಹಡಗಿನಿಂದ ಹೊಸದಾಗಿ ಇಳಿದವರ ಜೊತೆ ಕೂತು ಗೆಣಸು ತಿನ್ನುವವನಲ್ಲ. ಕುದಿಯುವ ಪಾಕವನ್ನು ಎರಡು ಬೆರಳ ನಡುವೆ ಎಳೆದು ನೋಡಿ, “ಇನ್ನೂ ಇಲ್ಲ” ಅಂದರೆ ದೊರೆಯೂ ಬಾಯಿ ಮುಚ್ಚಿಕೊಂಡು ಕಾಯಬೇಕು. ಆ ಹದವನ್ನು ಮಾತ್ರ ಯಾರಿಗೂ ಹೇಳಿಕೊಡುತ್ತಿರಲಿಲ್ಲ, ಜಂಬ ಅಂದುಕೊಂಡಿದ್ದೆವು. ಕೊನೆಗೆ ದೊರೆ ನನ್ನನ್ನು ಅವನ ಮುಂದೆ ತಳ್ಳಿ, ಚಾಟಿ ತೋರಿಸಿ, “ಇವನಿಗೆ ಕಲಿಸು” ಎಂದ. ದೊರೆ ಅತ್ತ ಹೋದ ಮೇಲೆ, “ನನಗೆ ಕಲಿಸಿದ್ದು ಮಿಂಗೊ ಮಾಮ. ನಾನು ಕಲಿತೆ ಅಂತ ದೊರೆಗೆ ಗೊತ್ತಾದ ಮಾರನೇ ದಿನವೇ ಅವನನ್ನ ಕಬ್ಬು ಕಡಿಯೋಕೆ ಅಟ್ಟಿದ್ರು ಕಣೋ, ವರ್ಷ ಬದುಕಲಿಲ್ಲ” ಅಂದ ಮೇಸ್ತ್ರಿ, ನನ್ನ ಬೆರಳು ಹಿಡಿದು ಪಾಕಕ್ಕೆ ತಾಗಿಸಿದ. ಹದ ಬೇಗ ಕೈಗೆ ಹತ್ತಿತು. ಆದರೂ ಮೂರು ಸುಗ್ಗಿಯವರೆಗೆ, ದೊರೆ ಕೇಳಿದಾಗಲೆಲ್ಲ ಬೇಕಂತಲೇ ಹದ ತಪ್ಪು ಹೇಳಿದೆ. ಬೆನ್ನ ತುಂಬ ಬಾಸುಂಡೆ ಎದ್ದವು. ನಾಲ್ಕನೆಯ ಸುಗ್ಗಿಯಲ್ಲಿ ಸಾಕಾಗಿ, ದೊರೆಯ ಎದುರಿಗೇ ಸರಿಯಾಗಿ ಹೇಳಿಬಿಟ್ಟೆ. ಮೇಸ್ತ್ರಿ ಬೈಯಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು, “ಮಿಂಗೊ ಮಾಮನಿಗೋಸ್ಕರ ನಾನು ಎರಡೇ ಸುಗ್ಗಿ ತಡ್ಕೊಂಡಿದ್ದೆ ಕಣೋ” ಅಂದ.