ತತ್ತಿ ಗಾಡಿಯ ಪಾಟಾ

ಗಿಣಿಗೇರಾದಲ್ಲಿ ಪಿಕಪ್ ಕೊಂಡವರು ಪೂಜೆಗಿಂತ ಮೊದಲು ಹೆಚ್ಚುವರಿ ಪಾಟಾ ಹಾಕಿಸುತ್ತಾರೆ. ಪಾಟಾ ಅಂದರೆ ಭಾರ ತಾಳಲು ಹಿಂದಿನ ಚಕ್ರಗಳ ಬಳಿ ಒಂದರ ಮೇಲೊಂದು ಬಿಗಿದಿರುವ ಬಾಗಿದ ಉಕ್ಕಿನ ಪಟ್ಟಿ, ಗೊತ್ತಿದ್ದವರು ಕ್ಷಮಿಸಬೇಕು. ಕಬ್ಬಿಣ ಹೇರುವವರಿಗೆ ಅದು ಬೇಕು. ನಾನು ಹೆಚ್ಚುವರಿ ಪಾಟಾ ಇದ್ದ ಹಳೆಯ ಗಾಡಿ ಕೊಂಡು ಗಂಗಾವತಿಯಿಂದ ತರುತ್ತಿದ್ದುದು ಕೋಳಿಮೊಟ್ಟೆ, ಅಂದರೆ ನಮ್ಮ ಮಾತಿನಲ್ಲಿ ತತ್ತಿ. ಸರಕು ಹಗುರವಾದರೆ ಬಿಗಿ ಪಾಟಾ ಬಗ್ಗುವುದಿಲ್ಲ. ಅದು ಬಗ್ಗದಿದ್ದರೆ ಗಾಡಿ ಕುಣಿಯುತ್ತದೆ. ಇನ್ನೊಮ್ಮೆ ತತ್ತಿ ಒಡೆದರೆ ಬೇರೆ ಗಾಡಿ ಹಚ್ಚುತ್ತೇನೆಂದು ತತ್ತಿ ತರಿಸುವ ಸಾಹುಕಾರರು ಹೇಳಿಬಿಟ್ಟಿದ್ದರು.

ಗ್ಯಾರೇಜಿನ ಉಸ್ತಾದರಿಗೆ ಹೆಚ್ಚಿನ ಪಾಟಾ ತೆಗೆಯಲು ಹೇಳಿದೆ.

“ಹಾಕಸೋರು ದಿನಾ ಬರ್ತಾರ. ತೆಗಸೋರನ್ನ ಇವತ್ತ ನೋಡಿದೆ. ಗಾಡಿ ಹಿಂದ ಕುಂತಬಿಡ್ತೈತಿ, ಮಂದಿ ನಗ್ತಾರ್ರಿ,” ಅಂದರು.

“ನಗಲಿ ಬಿಡ್ರಿ. ನಾ ಹೇರೋದು ಕಬ್ಬಿಣ ಅಲ್ಲ. ನೀವು ತತ್ತಿ ಜೋಡಿ ಹಿಂದ ಕುಂತು ಕೊಪ್ಪಳತನಕ ಬರ್ರಿ, ಆಮ್ಯಾಲೆ ಮಾತಾಡೋಣು.”

ಹಟಕ್ಕೆ ಬಿದ್ದು ಹತ್ತಿದರು. ಊರು ದಾಟುವ ಮೊದಲೇ ಕ್ಯಾಬಿನ್ ಬಡಿದರು. “ನಿಲ್ಲಸೋ ಮಾರಾಯಾ, ಕುಡದ ಚಾ ಮ್ಯಾಲ ಬಂತು.”

ಅವತ್ತೇ ಕಂಪನಿಯವರು ಹಾಕಿದ್ದಷ್ಟನ್ನೇ ಉಳಿಸಿ, ಮಿಕ್ಕ ಪಾಟಾ ಬಿಚ್ಚಿದರು. “ಗಾಡಿ ಮೆತ್ತಗ ಮಾಡ್ಯಾನ ಅಂತ ಯಾರ ಮುಂದೂ ನನ್ನ ಹೆಸರು ಹೇಳಬ್ಯಾಡ್ರಿ.”

ತತ್ತಿ ಉಳಿದವು, ಬಾಡಿಗೆಯೂ ಉಳಿಯಿತು. ಅವರ ಹೆಸರನ್ನು ಯಾರಿಗೂ ಹೇಳಿಲ್ಲ, ಇಲ್ಲೂ ಬರೆದಿಲ್ಲ. ಆದರೆ ಪಾಟಾ ಹಾಕಿಸಲು ಆ ಗ್ಯಾರೇಜಿನ ಮುಂದೆ ಸಾಲು ನಿಂತವರು ನನ್ನ ಗಾಡಿ ಕಂಡು ನಕ್ಕರೆ, ಗೇರ್ ಇಳಿಸಿ ಇನ್ನೂ ನಿಧಾನವಾಗಿ ಹೋಗುತ್ತೇನೆ. ಸರಿಯಾಗಿ ನೋಡಿಕೊಳ್ಳಲಿ.