ಹಾರ್ಬೋರ್ನ್ ಕಿಟಕಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ

ಬರ್ಮಿಂಗ್‌ಹ್ಯಾಮ್‌ಗೆ ಬಂದ ಮೊದಲ ಕೆಲವು ವರ್ಷ, ಹಬ್ಬದ ಊಟಕ್ಕೆ ಹೋಗುವಾಗಲೆಲ್ಲ ನಾನು ಒಯ್ಯುತ್ತಿದ್ದದ್ದು ಪೇಪರ್ ಪ್ಲೇಟು. ಅದು ನನ್ನ ಆಯ್ಕೆಯಾಗಿರಲಿಲ್ಲ. ಉತ್ತರ ಕರ್ನಾಟಕದ ಕಡೆಯ ಕೆಲವು ಕುಟುಂಬಗಳು ಹಬ್ಬಕ್ಕೊಮ್ಮೆ ಒಂದೇ ಮನೆಯಲ್ಲಿ ಸೇರುತ್ತಿದ್ದವು. ಒಬ್ಬರಿಗೆ ರೊಟ್ಟಿ, ಒಬ್ಬರಿಗೆ ಎಣ್ಣೆಗಾಯಿ, ಒಬ್ಬರಿಗೆ ಮಾದಲಿ ಎಂದು ಅಡುಗೆ ಮೊದಲೇ ಹಂಚಿಕೆಯಾಗುತ್ತಿತ್ತು. ನನ್ನ ಸರದಿ ಬಂದಾಗ ಆ ಮನೆಯ ಅಕ್ಕಾರು, "ನೀ ಒಬ್ಬಾಕಿ ಇರ್ತಿ, ಏನ ಮಾಡ್ತಿ ಪಾಪ. ಪ್ಲೇಟ್ ತಗೊಂಡ ಬಾ, ಸಾಕು," ಎನ್ನುತ್ತಿದ್ದರು.

ಅಕ್ಕಾರು ಆಸ್ಪತ್ರೆಯಲ್ಲಿ ವೈದ್ಯೆ. ನಾನು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವರು ಪ್ರೀತಿಯಿಂದಲೇ ಹೇಳುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಎಂ.ಎಸ್ಸಿ ಮುಗಿದು, ಕೆಲಸ ಸಿಕ್ಕಿ, ಮನೆಗೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್ ಬಿಲ್ಲಿನಲ್ಲಿ ನನ್ನ ಹೆಸರು ಬರತೊಡಗಿದ ಮೇಲೂ ಆ ಮನೆಯ ಮಟ್ಟಿಗೆ ನಾನು ಹಾಸ್ಟೆಲ್ ಹುಡುಗಿಯಾಗಿಯೇ ಉಳಿದಿದ್ದೆ. ಊಟ ಮುಗಿದ ಮೇಲೆ ಉಳಿದವರೆಲ್ಲ ತಮ್ಮ ತಮ್ಮ ಡಬ್ಬಿ, ಪಾತ್ರೆ ಹುಡುಕಿಕೊಂಡು ಅಡುಗೆಮನೆಯಲ್ಲಿ ಮಾತಾಡುತ್ತ ನಿಲ್ಲುತ್ತಿದ್ದರು. ನನಗೆ ಹುಡುಕಿಕೊಳ್ಳಲು ಏನೂ ಇರುತ್ತಿರಲಿಲ್ಲ. ನಾನು ಕೋಟು ಹಾಕಿಕೊಂಡು ಹೊರಡುತ್ತಿದ್ದೆ.

ಆ ವರ್ಷ ದಸರೆಯ ಊಟದಲ್ಲಿ ಸಂಕ್ರಾಂತಿಯ ಮಾತು ಬಂತು. ಅಕ್ಕಾರ ಅತ್ತೆಯನ್ನು ನಾವೆಲ್ಲ ಅಮ್ಮಾರು ಎನ್ನುತ್ತಿದ್ದೆವು. ಧಾರವಾಡದಿಂದ ಬಂದು ಮಗನ ಮನೆಯಲ್ಲೇ ಇದ್ದವರು. ಯಾವ ಅಡುಗೆ ಸರಿ, ಯಾವುದು ಅಲ್ಲ ಎಂಬ ವಿಷಯದಲ್ಲಿ ಅವರ ಮಾತೇ ಕೊನೆ.

"ಸಂಕ್ರಾಂತಿಗೆ ಎಲ್ಲಾ ಆದೀತು, ರಂಜಕ ಒಂದ ಆಗಂಗಿಲ್ಲ," ಎಂದರು ಅಮ್ಮಾರು.

ರಂಜಕ ನಮ್ಮ ಕಡೆಯ ಚಟ್ನಿ. ಗಿಡದಲ್ಲೇ ಕೆಂಪಾದ ಹಸಿ ಮೆಣಸಿನಕಾಯಿಯನ್ನು ಉಪ್ಪು, ಬೆಳ್ಳುಳ್ಳಿ, ಜೀರಿಗೆ ಹಾಕಿ ಕುಟ್ಟಿ, ಲಿಂಬೆರಸ ಹಿಂಡಿ, ಎರಡು ಮೂರು ದಿನ ಕೂರಿಸಬೇಕು. ಒಣ ಮೆಣಸಿನಕಾಯಿ ನೆನೆಸಿ ರುಬ್ಬಿದರೆ ಅದು ಬೇರೆಯೇ ಚಟ್ನಿ.

"ರಂಜಕ ನಾ ತರ್ತೇನ್ರಿ," ಎಂದೆ.

ಯಾರೂ ಕೇಳದೆ ನಾನು ಆ ಮನೆಯಲ್ಲಿ ಆಡಿದ ಮೊದಲ ಮಾತು ಅದಿರಬೇಕು. ಹಪ್ಪಳ ಮುರಿಯುತ್ತಿದ್ದ ಕೈಗಳು ನಿಂತವು.

"ಎಲ್ಲಿಂದ ತರ್ತೀಯವಾ? ಅಂಗಡ್ಯಾಗಿನ ಕಾಯಿ ಬರೇ ಉರೀತಾವ. ಬಣ್ಣ ಇಲ್ಲ, ರುಚಿ ಇಲ್ಲ."

"ಮನ್ಯಾಗ ಗಿಡ ಹಚ್ಚೇನ್ರಿ. ಬ್ಯಾಡಗಿ."

"ಇಲ್ಲೆ? ಚಳಿಗಾಲದಾಗ?" ಅಮ್ಮಾರು ನಕ್ಕರು. "ಈ ಊರಾಗ ಮೂಗ ಕೆಂಪಾಗತಾವವಾ, ಮೆಣಸಿನಕಾಯಿ ಅಲ್ಲ."

ಎಲ್ಲರೂ ನಕ್ಕರು. ನನ್ನ ಪರ ವಹಿಸಲು ಅಕ್ಕಾರು, "ತರ್ಲಿ ಬಿಡ್ರಿ ಅತ್ತಿ. ಪ್ಲೇಟ್ ಅಂತೂ ತಂದ ತರ್ತಾಳ," ಎಂದರು. ಅಮ್ಮಾರ ಮಾತಿಗಿಂತ ಈ ಮಾತು ಹೆಚ್ಚು ದಿನ ನನ್ನ ಜೊತೆ ಉಳಿಯಿತು.

ಗಿಡ ಇದ್ದದ್ದು ನಿಜ. ಅವ್ವ ಕಳಿಸಿದ ಒಣ ಬ್ಯಾಡಗಿ ಮೆಣಸಿನಕಾಯಿಯ ಬೀಜ ಉದುರಿಸಿ ಬೇಸಿಗೆಯ ಶುರುವಿಗೆ ಹಾಕಿದ್ದೆ. ತಡವಾಗಿ ಹಾಕಿದ್ದರಿಂದ ಬೇಸಿಗೆಯೆಲ್ಲ ಎಲೆ ಬಿಡುವುದರಲ್ಲೇ ಕಳೆಯಿತು. ಮೊಗ್ಗು ಕಂಡದ್ದು ಸೆಪ್ಟೆಂಬರ್ ಮುಗಿದ ಮೇಲೆ. ಹಾರ್ಬೋರ್ನ್ ಬಡಾವಣೆಯಲ್ಲಿ ನಾನಿದ್ದದ್ದು ಹಳೆಯ ಮನೆಯೊಂದರ ಮೇಲಿನ ಅಂತಸ್ತು. ರಸ್ತೆಗೆ ಚಾಚಿಕೊಂಡ ದೊಡ್ಡ ಕಿಟಕಿ, ಅದರ ಕಟ್ಟೆಯ ಮೇಲೆ ನನ್ನ ಕುಂಡಗಳು. ಕಿಟಕಿಯ ಮುಂದೆ ಒಂದು ಮೇಜು, ಅದರ ಮೇಲೆ ನನ್ನ ಜೊತೆ ಮನೆ ಹಂಚಿಕೊಂಡಿದ್ದ ಮಂಗಳೂರಿನ ಗೆಳತಿಯ ಪುಸ್ತಕಗಳು. ಅವಳು ಪಿಎಚ್.ಡಿ ಮಾಡುತ್ತಿದ್ದಳು. ದಸರೆಯ ಹೊತ್ತಿಗೆ ಗಿಡದ ತುಂಬ ಬಿಳಿ ಹೂ. ಆ ಹೂಗಳ ಧೈರ್ಯದ ಮೇಲೆ ನಾನು ಮಾತು ಕೊಟ್ಟಿದ್ದೆ.

ಅಕ್ಟೋಬರ್ ಕೊನೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ, ಸಂಜೆ ಅಷ್ಟು ಬೇಗ ಕತ್ತಲಾಗುತ್ತದೆ. ಅದಾದ ಮೇಲೆ ಹೂ ಉದುರತೊಡಗಿದವು. ತೊಟ್ಟು ಹಳದಿಯಾಗಿ, ಹೂವಿನ ಸಮೇತ ಕಳಚಿ ಮೇಜಿನ ಮೇಲೆ ಬೀಳುತ್ತಿದ್ದವು.

"ಎಂತ ಮಾರಾಯ್ತಿ, ನನ್ನ ಥೀಸಿಸ್ ಮೇಲೆ ಪುಷ್ಪವೃಷ್ಟಿ ಆಗ್ತಾ ಉಂಟು," ಎಂದಳು ಗೆಳತಿ. "ಸ್ಪಾರ್ಕ್‌ಹಿಲ್‌ನಲ್ಲಿ ಕೆಂಪು ಮೆಣಸು ಚೀಲಗಟ್ಟಲೆ ಸಿಗ್ತದೆ. ತಂದು ಕುಟ್ಟು. ಯಾರಿಗೆ ಗೊತ್ತಾಗ್ತದೆ?"

"ಗೊತ್ತಾಗುತ್ತೆ," ಎಂದೆ. ಬ್ಯಾಡಗಿಯ ಬಣ್ಣ ಬೇರೆ. ಅಮ್ಮಾರು ಅದನ್ನು ಬಾಗಿಲಲ್ಲಿ ನಿಂತೇ ಗುರುತಿಸುತ್ತಾರೆ. ಅವರು ಗುರುತಿಸದಿದ್ದರೂ ನನಗೆ ಗೊತ್ತಿರುತ್ತದೆ.

ಹೂ ಏಕೆ ಉದುರುತ್ತವೆ ಎಂದು ನಾನು ಯೋಚಿಸಿದ ಕಾರಣಗಳೆಲ್ಲ ತಪ್ಪಾಗಿದ್ದವು. ನೀರು ಕಡಿಮೆ ಮಾಡಿ ನೋಡಿದೆ, ಗೊಬ್ಬರ ಬದಲಿಸಿದೆ. ಚಳಿ ಇರಬಹುದೇ ಎಂದರೆ ಆ ವರ್ಷ ಚಳಿಯೇ ಇರಲಿಲ್ಲ. ನವೆಂಬರ್‌ನಲ್ಲೂ ಕೋಟಿನ ಗುಂಡಿ ಹಾಕದೆ ಕೆಲಸಕ್ಕೆ ನಡೆದು ಹೋಗುತ್ತಿದ್ದೆ. ಲ್ಯಾಬಿನಲ್ಲಿ ಫಲಿತಾಂಶಗಳು ಸರಿ ಬರದಿದ್ದಾಗ ನಾವು ಕೆಟ್ಟದ್ದನ್ನು ಬಿಟ್ಟು ಸರಿ ಬಂದದ್ದನ್ನು ನೋಡುತ್ತೇವೆ. ಅದಕ್ಕೆ ಮಾತ್ರ ಏನು ಬೇರೆಯಾಗಿತ್ತು? ಹಾಗೆ ಹುಡುಕಿದಾಗ ಎಲೆಗಳ ಅಡಿಯಲ್ಲಿ ಒಂದೆರಡು ಹೀಚು ಕಂಡವು. ಅವು ಯಾವ ಹೂವಿನಿಂದ ಆದವು ಎಂದು ನನಗೆ ನೆನಪಿತ್ತು. ರಜೆಯ ಭಾನುವಾರ ಅರಳಿದ್ದವು. ಬೆಳಕು ಒಂದೇ ಕಡೆಯಿಂದ ಬರುತ್ತದೆಂದು ರಜೆಯ ದಿನ ಮಧ್ಯಾಹ್ನ ನಾನು ಕುಂಡಗಳನ್ನು ತಿರುಗಿಸಿಡುತ್ತಿದ್ದೆ. ತಿರುಗಿಸುವಾಗ ಗಿಡ ಅಲುಗುತ್ತದೆ, ಪರಾಗ ಅದೇ ಹೂವಿನೊಳಗೆ ಉದುರಿ ಕಾಯಿ ಕಟ್ಟುತ್ತದೆ. ಹೊಲದಲ್ಲಾದರೆ ಈ ಕೆಲಸ ಗಾಳಿಯದು. ಮುಚ್ಚಿದ ಕಿಟಕಿಯ ಹಿಂದೆ ಗಾಳಿಯೂ ಇಲ್ಲ, ಜೇನೂ ಇಲ್ಲ. ವಾರದ ಉಳಿದ ದಿನ ಅವನ್ನು ಮುಟ್ಟುವವರೇ ಇರಲಿಲ್ಲ.

ನಾನೇಕೆ ಮುಟ್ಟುತ್ತಿರಲಿಲ್ಲ ಎಂಬುದನ್ನು ಹೇಳಬೇಕು. ನಮ್ಮ ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚಿದ ಮೇಲೆ ಗಿಡ ಮುಟ್ಟುವುದಿಲ್ಲ. ಹೂ ಹರಿಯುವುದಿಲ್ಲ, ಒಗ್ಗರಣೆಗೆ ಕರಿಬೇವು ಇಲ್ಲದಿದ್ದರೆ ಅವತ್ತಿನ ಸಾರು ಕರಿಬೇವಿಲ್ಲದೆಯೇ ಆಗಬೇಕು. ಗಿಡ ಮಲಗಿರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಓದಿದ ಮೇಲೆ ನಾನು ಇದನ್ನು ನಂಬಿದ್ದೆನೆಂದಲ್ಲ, ಕೈ ಹೋಗುತ್ತಿರಲಿಲ್ಲ ಅಷ್ಟೆ. ನಮ್ಮ ಊರು ಗದಗಿನಲ್ಲಿ ಈ ನಿಯಮದಿಂದ ಯಾರಿಗೂ ತೊಂದರೆಯಿಲ್ಲ, ಸಂಜೆ ಅಲ್ಲಿ ದೊಡ್ಡದು. ಇಲ್ಲಿ ಚಳಿಗಾಲದಲ್ಲಿ ನಾಲ್ಕರ ಚಹಾ ಕುಡಿದು ಕಪ್ಪು ತೊಳೆಯುವಷ್ಟರಲ್ಲಿ ಕತ್ತಲು. ನಸುಕಿನ ಕತ್ತಲಲ್ಲಿ ಮನೆ ಬಿಟ್ಟು, ಸಂಜೆಯ ಕತ್ತಲಲ್ಲಿ ಮರಳಿ, ಲೈಟು ಹಾಕಿ, ಕೈಕಾಲು ತೊಳೆದು ದೀಪ ಹಚ್ಚಿದರೆ ಮುಗಿಯಿತು. ನನ್ನ ಗಿಡಗಳ ಪಾಲಿಗೆ ವಾರವಿಡೀ ರಾತ್ರಿಯೇ.

ಹಗಲು ಒಮ್ಮೆ ಗಿಡ ಅಲುಗಿಸು ಎಂದು ಗೆಳತಿಗೆ ಹೇಳಬಹುದಿತ್ತು. ಅವಳು ಇಲ್ಲ ಎನ್ನುತ್ತಿರಲಿಲ್ಲ. ಆದರೆ ಮಾತು ಕೊಟ್ಟವಳು ನಾನು.

ಎರಡು ದಿನ ಯೋಚಿಸಿ ಒಂದು ಉಪಾಯ ಮಾಡಿದೆ. ಮರುದಿನ ಕೆಲಸದಿಂದ ಬಂದವಳು ದೀಪ ಹಚ್ಚಲಿಲ್ಲ, ಅದೂ ದೀಪವೇ ಎಂದು ಲೈಟೂ ಹಾಕಲಿಲ್ಲ. ಕೋಟಿನಲ್ಲೇ ಕಿಟಕಿಗೆ ಹೋದೆ. ಬೀದಿದೀಪದ ಹಳದಿ ಬೆಳಕು ಎಲೆಗಳ ಮೇಲೆ ಬಿದ್ದಿತ್ತು, ಹೂಗಳಷ್ಟೇ ಬೆಳ್ಳಗೆ ಕಾಣುತ್ತಿದ್ದವು. ಒಂದೊಂದೇ ಹೂವಿನ ತೊಟ್ಟಿಗೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಬಂದೆ. ಅಷ್ಟರಲ್ಲಿ ಗೆಳತಿ ಬಾಗಿಲು ತೆಗೆದು ಹೆದರಿದಳು.

"ಎಂತ ಮಾಡ್ತಿದ್ದಿ ಕತ್ತಲೆಯಲ್ಲಿ? ಕರೆಂಟು ಹೋಯ್ತಾ?"

"ಇಲ್ಲ. ಲೈಟ್ ಹಾಕಬೇಡ. ಇನ್ನೂ ದೀಪ ಹಚ್ಚಿಲ್ಲ."

"ಅದಕ್ಕೆ?"

"ದೀಪ ಹಚ್ಚಿದ ಮೇಲೆ ಮುಟ್ಟೋ ಹಾಗಿಲ್ಲ."

ಅವಳು ಬಾಗಿಲು ಮುಚ್ಚಿ ಗೋಡೆಗೆ ಒರಗಿದಳು. "ಹಾಗಾದ್ರೆ ಬೇಗ ಮುಗಿಸು ಮಾರಾಯ್ತಿ. ನಾನು ಶೂ ಬಿಚ್ಚಬೇಕು, ಲೇಸು ಕಾಣುವುದಿಲ್ಲ."

ಅಂದಿನಿಂದ ಅದೇ ನಮ್ಮ ಮನೆಯ ಪದ್ಧತಿಯಾಯಿತು. ಅವಳು ಮೊದಲು ಬಂದ ದಿನ ಕತ್ತಲಲ್ಲೇ ಕುಳಿತು ಫೋನ್ ನೋಡುತ್ತ, "ನಿನ್ನ ಮಕ್ಕಳು ಕಾಯ್ತಾ ಉಂಟು," ಎನ್ನುತ್ತಿದ್ದಳು. ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಅವಳು, "ನಿನಗ ಲಾ ಓದಸಬೇಕಿತ್ತು ನೋಡು," ಎಂದಳು. ಬೇಡ ಎನ್ನಲಿಲ್ಲ.

ವಾರದೊಳಗೆ ಹೂ ಉದುರುವುದು ಕಡಿಮೆಯಾಯಿತು. ಬಾಡಿದ ಎಸಳಿನ ನಡುವಿನಿಂದ ಅಕ್ಕಿಕಾಳಿನಷ್ಟು ಹಸಿರು ಮೂತಿ ಹೊರಬಂದವು. ಇನ್ನು ಉಳಿದದ್ದು ಹವಾಮಾನ. ಕಿಟಕಿಯ ಗಾಜು ಒಂದೇ ಪದರದ್ದು. ನಿಜವಾದ ಹಿಮ ಬಿದ್ದಿದ್ದರೆ ನನ್ನ ಉಪಾಯವೆಲ್ಲ ಒಂದೇ ರಾತ್ರಿಯಲ್ಲಿ ಕರಗಿ ಹೋಗುತ್ತಿತ್ತು. ಹಿಮ ಬೀಳಲಿಲ್ಲ. ಡಿಸೆಂಬರ್‌ನಲ್ಲಿ ರಸ್ತೆಯಂಚಿನ ಹುಲ್ಲಿನಲ್ಲಿ, ವಸಂತದಲ್ಲಿ ಬರಬೇಕಾದ ಡ್ಯಾಫೊಡಿಲ್ ಹೂ ಅರಳಿದವು. ಲ್ಯಾಬಿನಲ್ಲಿ ಎಲ್ಲರೂ ಇದು ಸರಿಯಲ್ಲ, ಏನೋ ಕೆಟ್ಟಿದೆ ಎನ್ನುತ್ತಿದ್ದರು. ನಾನು ಹೌದೆನ್ನುತ್ತಿದ್ದೆ, ಒಳಗೊಳಗೆ ಇನ್ನೊಂದು ತಿಂಗಳು ಹೀಗೇ ಇರಲಿ ಎಂದುಕೊಳ್ಳುತ್ತಿದ್ದೆ.

ಕಾಯಿ ಉದ್ದವಾದವು, ಬ್ಯಾಡಗಿಯ ಸುಕ್ಕು ಮೂಡಿತು. ಆದರೆ ಹಸಿರು ಬಿಡಲೊಲ್ಲವು. ಕ್ರಿಸ್‌ಮಸ್ ಕಳೆಯಿತು, ಹೊಸ ವರ್ಷ ಬಂತು. ಗೆಳತಿ ಮೀನು ಸಾರು ಮಾಡುವಾಗಲೆಲ್ಲ, "ಒಂದೇ ಒಂದು ಹಸಿಮೆಣಸು ಕೊಡು ಮಾರಾಯ್ತಿ, ಯಾರೂ ಲೆಕ್ಕ ಇಡುವುದಿಲ್ಲ," ಎಂದು ಕಾಡುತ್ತಿದ್ದಳು. ಕೊಡಲಿಲ್ಲ. ಸಂಕ್ರಾಂತಿ ಜನವರಿಯ ನಡುವೆ ಬಂದು ಹೋಯಿತು. ಪುಣ್ಯಕ್ಕೆ ನಮ್ಮ ಹಬ್ಬಗಳು ಪಂಚಾಂಗಕ್ಕಿಂತ ಆಸ್ಪತ್ರೆಯ ಡ್ಯೂಟಿ ರೋಟಾದ ಮಾತು ಕೇಳುತ್ತವೆ. ಎಲ್ಲ ವೈದ್ಯರಿಗೂ ರಜೆ ಹೊಂದುವ ಭಾನುವಾರ ಸಿಕ್ಕಿದ್ದು ಫೆಬ್ರವರಿ ಮೊದಲ ವಾರದಲ್ಲಿ.

ಆ ನಡುವಿನ ದಿನಗಳಲ್ಲಿ ಮೊದಲ ಕಾಯಿ ತೊಟ್ಟಿನ ಬಳಿ ಕಂದು ಬಣ್ಣಕ್ಕೆ ತಿರುಗಿತು. ಕೊಳೆಯುತ್ತಿದೆ ಎಂದುಕೊಂಡೆ. ಮಾರನೆಯ ಸಂಜೆ ಬೀದಿದೀಪದ ಬೆಳಕಿನಲ್ಲಿ ಅದು ಕಪ್ಪಾಗಿ ಕಂಡಿತು. ಶನಿವಾರ ಹಗಲಿನಲ್ಲಿ ನೋಡಿದರೆ ಕೆಂಪು. ಅಂಗಡಿಯ ಕಾಯಿಯ ಹೊಳೆಯುವ ಕೆಂಪಲ್ಲ, ಅವ್ವನ ಇಳಕಲ್ ಸೀರೆಯ ಸೆರಗಿನ ಕೆಂಪು. ಅದರ ಹಿಂದೆಯೇ ಉಳಿದವೂ ತಿರುಗಿದವು.

ಎಲ್ಲ ಸೇರಿ ಎರಡು ಬೊಗಸೆ ಆದವು. ರಜೆ ಇದ್ದ ಗುರುವಾರ ಬೆಳಿಗ್ಗೆ, ಬಿಸಿಲು ಕಿಟಕಿಗೆ ಬಂದ ಮೇಲೆ, ಕತ್ತರಿಯಿಂದ ಬಿಡಿಸಿದೆ. ಬೀಜಕ್ಕೆಂದು ಎರಡನ್ನು ಗಿಡದಲ್ಲೇ ಬಿಟ್ಟೆ. ಒಂದನ್ನು ಗೆಳತಿಯ ಪುಸ್ತಕದ ಮೇಲಿಟ್ಟೆ. ಉಳಿದದ್ದನ್ನು ಒರೆಸಿ, ಆರಿಸಿ, ಸೂಪರ್‌ಮಾರ್ಕೆಟ್ಟಿನ ಪುಟ್ಟ ಒರಳುಕಲ್ಲಿನಲ್ಲಿ ಸ್ವಲ್ಪ ಸ್ವಲ್ಪವೇ ಕುಟ್ಟಿದೆ. ಒಂದು ಜಾಮ್ ಬಾಟಲಿಯ ಕತ್ತಿನ ತನಕ ಬಂತು. ಮೂರು ದಿನ ಅದರ ಮುಚ್ಚಳ ತೆಗೆಯುವ ಆಸೆಯನ್ನು ತಡೆದುಕೊಂಡೆ.

ಭಾನುವಾರ ಆ ಬಾಟಲಿಯೊಂದನ್ನೇ ಹಿಡಿದು ಹೋದೆ.

"ಪ್ಲೇಟ್ ಎಲ್ಲೆವ?" ಎಂದರು ಅಕ್ಕಾರು.

"ತಂದಿಲ್ರಿ."

ಮರೆತಿರಬೇಕು ಎಂದುಕೊಂಡು ಅವರು ಏನೋ ಹೇಳಹೊರಟರು. ಅಷ್ಟರಲ್ಲಿ ಅಮ್ಮಾರು ಕೈ ಚಾಚಿದರು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮುಚ್ಚಳ ತೆಗೆದು ಮೂಸಿದರು. ಕಿರುಬೆರಳಿನಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಹಚ್ಚಿಕೊಂಡು, ಸಿಪ್ಪೆಯ ಚೂರನ್ನು ಮುಂದಿನ ಹಲ್ಲಿನಲ್ಲಿ ಕಡಿದರು. ಒಣ ಕಾಯಿಯ ಸಿಪ್ಪೆ ನೆನೆದರೂ ನಾರಾಗಿರುತ್ತದೆ, ಹಸಿಯದು ಹಾಗಲ್ಲ. ಅದನ್ನೇ ನೋಡುತ್ತಿದ್ದಾರೆಂದು ನನಗೆ ಗೊತ್ತಿತ್ತು.

"ಖಾರ ಕಮ್ಮಿ ಐತಿ," ಎಂದರು.

"ಬ್ಯಾಡಗಿ ರೀ."

"ಗೊತ್ತೈತಿ ನನಗ." ಸೊಸೆಯ ಕಡೆ ತಿರುಗಿದರು. "ಸ್ಟೀಲಿನ ತಾಟ ತಗೀ ಒಳಗಿಂದ. ಕಾಗದದ ಮ್ಯಾಲೆ ರಂಜಕ ಉಣ್ಣತಾರೇನ ಯಾರರ?"

ತಾಟು ಬಂದವು. ಉಳಿದ ಅಡುಗೆಯನ್ನು ಎಲ್ಲರೂ ತಾವೇ ಬಡಿಸಿಕೊಂಡರು. ರಂಜಕವನ್ನು ಮಾತ್ರ ಅಮ್ಮಾರು ಚಮಚ ಹಿಡಿದು ಪ್ರತಿಯೊಬ್ಬರ ತಾಟಿನ ಅಂಚಿಗೆ ತಾವೇ ಹಾಕಿದರು. ಬೆರಳ ತುದಿಯಷ್ಟು, ಮೇಲೊಂದು ಹನಿ ಎಣ್ಣೆ. ಅಕ್ಕಾರ ಯಜಮಾನರು ಎರಡನೆಯ ಸಲ ತಾಟು ಚಾಚಿದಾಗ, "ಸಾಕು, ಉಳದವರಿಗೆ ಬ್ಯಾಡೇನ?" ಎಂದು ಮಗನನ್ನು ಗದರಿಸಿದರು. ಆಮೇಲೆ ಬಾಟಲಿಯನ್ನು ತಮ್ಮ ತಾಟಿನ ಪಕ್ಕದಲ್ಲೇ ಇಟ್ಟುಕೊಂಡು ಕುಳಿತರು. ನಾನು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದೆ. ಮುಖದಲ್ಲಿ ಏನು ಕಾಣುತ್ತಿದೆಯೋ ಎಂಬ ಸಂಕೋಚ.

ಊಟವಾದ ಮೇಲೆ ತಾಟು ತೊಳೆಯಲು ನಾನೂ ಅಡುಗೆಮನೆಯಲ್ಲಿ ನಿಂತೆ. ಪೇಪರ್ ಪ್ಲೇಟು ತರದೆ ಎಲ್ಲರಿಗೂ ಕೆಲಸ ಹಚ್ಚಿದೆ ಎಂದು ಯಾರೋ ಛೇಡಿಸಿದರು. ಯಾರ ಡಬ್ಬಿ ಯಾವುದು ಎಂಬ ಗದ್ದಲ ನಡೆದಿತ್ತು. ಹೊರಡುವಾಗ ಅಮ್ಮಾರು ನನ್ನ ಬಾಟಲಿಯನ್ನು ಕೈಗಿಟ್ಟರು. ಉಳಿದ ರಂಜಕ ತೆಗೆದಿಟ್ಟುಕೊಂಡು, ಬಾಟಲಿ ತೊಳೆದು, ಒರೆಸಿ, ಗುರೆಳ್ಳಿನ ಚಟ್ನಿಪುಡಿ ತುಂಬಿಸಿದ್ದರು. ಕೊಟ್ಟ ಪಾತ್ರೆಯನ್ನು ಬರಿದಾಗಿ ಮರಳಿಸುವುದು ನಮ್ಮಲ್ಲಿ ಇಲ್ಲ.

"ಬೀಜ ಉಳಿಸೀಯೋ ಇಲ್ಲೋ?"

"ಉಳಿಸೇನ್ರಿ."

"ಯುಗಾದಿಗೆ ತಾ. ನನ್ನ ಕಿಟಕಿ ನಿನ್ನ ಕಿಟಕಿಗಿಂತ ದೊಡ್ಡದೈತಿ."

ನಡೆದೇ ಮನೆಗೆ ಬಂದೆ. ಫೆಬ್ರವರಿಯ ಬೆಳಕು ಆಗಲೇ ಸ್ವಲ್ಪ ಉದ್ದವಾಗಿತ್ತು. ನಮ್ಮ ರಸ್ತೆಗೆ ತಿರುಗಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಎದುರಿನ ಫುಟ್‌ಪಾತಿನಲ್ಲಿ ನಿಂತು ತಲೆ ಎತ್ತಿದರೆ ಮೇಲಿನ ಕಿಟಕಿಯಲ್ಲಿ ಬೀಜಕ್ಕೆ ಬಿಟ್ಟ ಎರಡು ಕಾಯಿ ಕಾಣುತ್ತಿದ್ದವು. ಅಷ್ಟು ದೂರಕ್ಕೂ ಕೆಂಪಾಗಿ ಕಾಣುತ್ತಿದ್ದವು. ನಾಯಿ ಹಿಡಿದು ಹೋಗುತ್ತಿದ್ದವರೊಬ್ಬರು ನಾನು ಏನು ನೋಡುತ್ತಿದ್ದೇನೆಂದು ತಾವೂ ತಲೆ ಎತ್ತಿ ನೋಡಿ ಮುಂದೆ ಹೋದರು.

ಮೇಲೆ ಹೋಗಿ ಕುಂಡಗಳನ್ನು ತಿರುಗಿಸಿಟ್ಟೆ. ಹೊಸದಾಗಿ ಅರಳಿದ್ದ ಹೂಗಳಿಗೆ, ಕಣ್ಣಿಗೆ ಕಾಣುವ ಬೆಳಕಿನಲ್ಲಿ, ಒಂದೊಂದಾಗಿ ಬೆರಳು ತಟ್ಟಿದೆ. ಆಮೇಲೆ ಕೈ ತೊಳೆದು ದೀಪ ಹಚ್ಚಿದೆ.